ದೇವರ ಜಗಲಿಯ ಮೇಲೊಂದು ಮೂಳೆ

ಹೋದ ತಿಂಗಳು ಒಂದು ಸೋಮವಾರ ದೇವರ ಜಗಲಿ ಒರೆಸುತ್ತಿದ್ದಾಗ ಹಳೆಯ ವಿಭೂತಿಯ ವಾಸನೆ ಮೂಗಿಗೆ ಬಡಿಯಿತು. ಮೂಲೆಯಲ್ಲಿ ಹೆಬ್ಬೆರಳು ಗಾತ್ರದ ಕಂದು ಚೂರೊಂದು ಮೈತುಂಬ ವಿಭೂತಿ ಬಳಿದುಕೊಂಡು ಕೂತಿತ್ತು. ನಿಮ್ಮ ಮನೆಯ ಜಗಲಿಯ ಮೇಲೆ ಯಾವತ್ತಾದರೂ ಡೈನೋಸಾರ್ ಇತ್ತೇ? ನಮ್ಮಲ್ಲಿ ಇತ್ತು. ಅಥವಾ ಇರಲಿಲ್ಲ. ತೊಂದರೆಯೇ ಅದು.

ಚೂರು ತಂದವರು ದುರ್ಗದ ಕಾಲೇಜಿನಲ್ಲಿ ಜಿಯಾಲಜಿ ಮೇಷ್ಟರಾಗಿದ್ದ ನಮ್ಮ ಚಿಕ್ಕಪ್ಪ. ನಮ್ಮ ಕಡೆಯ ಬಂಡೆಗಳೋ, ಲೋಕದಲ್ಲಿ ಮೂಳೆ ಎಂಬುದು ಹುಟ್ಟುವ ಮೊದಲಿನವು. ಎಷ್ಟು ಅಗೆದರೂ ಡೈನೋಸಾರ್ ಸಿಗದು. ಹಾಗಾಗಿ ಹುಡುಗರನ್ನು ಕಟ್ಟಿಕೊಂಡು ತಮಿಳುನಾಡಿನ ಅರಿಯಲೂರಿಗೆ ಹೋಗಿದ್ದಾಗ ಅಲ್ಲಿನ ಹೊಲದಿಂದ ಇದನ್ನು ಡೈನೋಸಾರ್ ಮೂಳೆಯೆಂದು ಆಯ್ದು ತಂದಿದ್ದರು. ಪರೀಕ್ಷೆ ಸುಲಭ, ನಾಲಿಗೆಗೆ ತಾಗಿಸಬೇಕು. ಬರೀ ಕಲ್ಲಾದರೆ ಜಾರುತ್ತದೆ. ಮೂಳೆಯಾದರೆ ಸಣ್ಣ ತೂತುಗಳಿಂದ ತೇವ ಹೀರಿ ನಾಲಿಗೆಗೆ ಅಂಟಿಕೊಳ್ಳುತ್ತದೆ. ಚಿಕ್ಕಪ್ಪ ನಡುಮನೆಯಲ್ಲಿ ನಿಂತು ಇದನ್ನು ಮಾಡಿ ತೋರಿಸಿದ್ದೇ ತಡ, ಅವರ ಅಕ್ಕ, ಅಂದರೆ ನಮ್ಮ ಗೌರತ್ತೆ, ಅಡುಗೆಮನೆಯಿಂದ ಧಾವಿಸಿ ಬಂದರು.

“ಲೇ, ಕೊಳ್ಳಾಗೆ ಲಿಂಗ ಇಟ್ಕಂಡು ಮೂಳೆ ನೆಕ್ತೀಯೇನಲೇ?”

“ಈಗ ಮೂಳೆ ಅಲ್ಲಕ್ಕ, ಕಲ್ಲಾಗೈತೆ.”

“ಕಲ್ಲಾದ್ರೆ ಮೂಳೆ ಅಂತ ಯಾಕೆ ಹೇಳ್ತೀಯ? ಸುಳ್ಳುಬುರುಕ!”

ನನಗೆ ಇಬ್ಬರ ಮಾತೂ ಸರಿಯೆನಿಸಿತು. ನನ್ನ ಪಾಡು ಇವತ್ತಿಗೂ ಅದೇ. ಎಂಜಲಾದ ಕಲ್ಲು ಮೈಲಿಗೆಯೆಂದು ಅತ್ತೆ ಅದನ್ನು ತೊಳೆದು, ಎಣ್ಣೆ ಸವರಿ, ವಿಭೂತಿ ಹಚ್ಚಿ, ಕಲ್ಲೆಂದ ಮೇಲೆ ದೇವರೇ ಎಂದು ಜಗಲಿಗೇರಿಸಿದರು. ತೂತುಗಳೆಲ್ಲ ಮುಚ್ಚಿಹೋದವು. ಮುಂದೆ ಅದನ್ನು ಕಾಲೇಜಿಗೆ ಒಯ್ದು ಜೊತೆಯ ಮೇಷ್ಟರುಗಳ ಎದುರು ಚಿಕ್ಕಪ್ಪ ನಾಲಿಗೆ ಚಾಚಿದರೆ ಚೂರು ಜಾರಿ ನೆಲಕ್ಕೆ ಬಿತ್ತು. ಎಲ್ಲರೂ ನಕ್ಕರು. ಚೂರು ಮತ್ತೆ ಜಗಲಿ ಸೇರಿತು. ಚಿಕ್ಕಪ್ಪ ಅದನ್ನು ಕೊಯ್ಯಿಸಿ ಒಳಗೆ ನೋಡಬಹುದಿತ್ತು, ಕಲ್ಲೇ ಆಗಿಬಿಟ್ಟರೆ ಎಂಬ ಭಯವೋ ಏನೋ, ನೋಡಲಿಲ್ಲ. ಸುಳ್ಳುಬುರುಕನೆಂಬ ಹೆಸರು ಹೊತ್ತುಕೊಂಡೇ ಹೋದರು. ಅವರ ಸಮಾಧಿ ನಮ್ಮೂರು ತಾಳ್ಯದ ಹೊಲದಲ್ಲಿದೆ.

ಆ ಹೆಸರು ಹಾಗೆಯೇ ಉಳಿಯುವುದನ್ನು ನನಗೆ ಸಹಿಸಲಾಗಲಿಲ್ಲ. ಚೂರನ್ನು ಚಿಕ್ಕಪ್ಪನ ಹಳೆಯ ಶಿಷ್ಯೆಯೊಬ್ಬರ ಲ್ಯಾಬಿಗೆ ಒಯ್ದೆ. ಒಂದು ಅಂಚನ್ನು ತೆಳ್ಳಗೆ ಕೊಯ್ದು ನೋಡಿ ಅವರೆಂದರು: “ಮೂಳೆನೇ ಸಾರ್. ಆದ್ರೆ ಡೈನೋಸಾರೋ ಬೇರೆಯದೋ, ಇಷ್ಟು ಚೂರಲ್ಲಿ ಹೇಳಾಕಾಗಲ್ಲ.”

ಗೆದ್ದೆವೋ ಸೋತೆವೋ ತಿಳಿಯದೆ ಮನೆಗೆ ಬಂದು ಅತ್ತೆಗೆ ಹೇಳಿದೆ. ಈಗ ಅವರಿಗೆ ಕಣ್ಣು ಮಂಜು. ಚೂರನ್ನು ಸವರುತ್ತ, ಕೊಯ್ದ ಅಂಚನ್ನು ಬೆರಳಿನಿಂದ ಹುಡುಕಿದರು.

“ಹಂಗಾದ್ರೆ ಅವ್ನು ಸುಳ್ಳು ಹೇಳಿರ್ಲಿಲ್ಲ.”

“ಇಲ್ಲ ಅತ್ತೆ.”

“ಮೂಳೆ ಅಂದ್ಮ್ಯಾಲೆ ಜಗಲಿ ಮ್ಯಾಲೆ ಇಡಬಾರ್ದಪ್ಪ, ಮಣ್ಣು ಮಾಡ್ಬೇಕು. ತಾಳ್ಯಕ್ಕೆ ಹೋಗಾಣ.”

ನಾನು ಅದನ್ನು ಕಾಲೇಜಿಗೆ ಕೊಡಬೇಕೆಂದಿದ್ದೆ. ಮಣ್ಣಿನಿಂದ ಹೆಕ್ಕಿದ್ದನ್ನು ಮತ್ತೆ ಮಣ್ಣಿಗೆ ಹಾಕುವುದುಂಟೇ? ಅದೂ ಎಲ್ಲೋ ಅರಿಯಲೂರಿನದನ್ನು ತಾಳ್ಯದಲ್ಲಿ! ಆದರೂ ಅತ್ತೆಯ ಮುಖ ನೋಡಿ, ಯಾವತ್ತು ಹೋಗೋಣ ಎಂದು ಕೇಳಿದೆ.

ಇವತ್ತು ಹೋಗಿ ಬಂದೆವು. ಸಮಾಧಿಯ ಪಕ್ಕ ಸಣ್ಣ ಗುಣಿ ತೋಡಿದೆ. ಅತ್ತೆ ತಾವೇ ಚೂರನ್ನಿಟ್ಟು ಮಣ್ಣೆಳೆದರು. ನಾನು ಮಾಡಿದ್ದು ಸರಿಯೋ ತಪ್ಪೋ ನನಗೆ ಗೊತ್ತಾಗುತ್ತಿಲ್ಲ, ನಿಮಗೆ ಗೊತ್ತಾದರೆ ಹೇಳಿ. ಏಳಲು ಕೈಕೊಟ್ಟರೂ ಅವರು ಏಳಲಿಲ್ಲ. ತಮ್ಮನ ಸಮಾಧಿಗೆ ಅಂಗೈ ಊರಿ, ಕಿವಿಯಲ್ಲಿ ಹೇಳುವಂತೆ ಬಗ್ಗಿದರು.

“ಮೂಳೆನೇ ಅಂತೆ ಕಣಲೇ.”