ಜೂಡಿತ್ ಹೇಳಿಸುತ್ತಿದ್ದ ಪ್ರಾರ್ಥನೆ

ದುಬೈ ಕರಾಮದ ನಮ್ಮ ಫ್ಲ್ಯಾಟಿನ ಒಂದು ಕೋಣೆಯಲ್ಲಿ ಜೂಡಿತ್ ಬಾಡಿಗೆಗಿದ್ದಳು. ನಮ್ಮ ಕಡೆಯವಳೇ, ನರ್ಸ್. ಊರಲ್ಲಿ ಕ್ರೈಸ್ತ ಸನ್ಯಾಸಿನಿ ಮದರ್‌ಗಳ ಆಸ್ಪತ್ರೆಯಲ್ಲಿ ಆಪರೇಶನ್ನಿಗೆ ಅನಸ್ತೇಶಿಯಾ ಕೊಟ್ಟು ಮಲಗಿಸುತ್ತಿದ್ದವಳು ಅವಳೇ. ಅದಕ್ಕೆಂದೇ ಬೇರೆ ಡಾಕ್ಟರು ಅಲ್ಲಿರಲಿಲ್ಲ. ರೋಗಿಯ ಕೈ ಹಿಡಿದು ಮೇರಿಮಾತೆಯ ಪ್ರಾರ್ಥನೆ ‘ನಮಾನ್ ಮೋರಿಯೆ’ ಹೇಳಿಸುವಳಂತೆ. ಹಿಂದೂಗಳಾದರೆ ಅವರ ದೇವರ ಹೆಸರು.

“ಅರ್ಧ ಆಗುವಾಗ ನಿದ್ದೆ, ಆಂಟಿ. ಆಮೆನ್‌ವರೆಗೆ ಒಬ್ಬರೂ ಬಂದದ್ದಿಲ್ಲ.”

“ನನಗೂ ಹಾಗೇ, ಪಾದ್ರಿಗಳ ಪ್ರಸಂಗಕ್ಕೆ” ಎಂದು ನನ್ನ ಗಂಡ ಕ್ಯಾಮಿಲಸ್ ನಗಾಡುವರು.

ದುಬೈಯಲ್ಲಿ ಅವಳಿಗೆ ಆ ಕೆಲಸ ಸಿಗಲಿಲ್ಲ. ಅವಳು ಸೇರಿದ್ದ ಜೆಬೆಲ್ ಅಲಿ ಹತ್ತಿರದ ಸಣ್ಣ ಆಸ್ಪತ್ರೆಗೆ ಅನಸ್ತೇಶಿಯಾದ ಡಾಕ್ಟರು ಹೊರಗಿನಿಂದ ಬರಬೇಕು. ಜೂಡಿತ್ ಸಿರಿಂಜು ಜೋಡಿಸಿಟ್ಟು ದಾರಿ ನೋಡಬೇಕು.

ನನ್ನ ಗಂಡನಿಗೆ ಹರ್ನಿಯ ಇತ್ತು. ಬೆಲ್ಟ್ ಕಟ್ಟಿಕೊಂಡೇ ಗೋದಾಮಿನ ಕೆಲಸಕ್ಕೆ ಹೋಗುತ್ತಿದ್ದರು. ಹದಿಮೂರನೇ ಇಸವಿಯ ಒಂದು ಬೆಳಿಗ್ಗೆ ಅಲ್ಲಿಯೇ ಕರುಳು ಸಿಕ್ಕಿಕೊಂಡು, ಜೂಡಿತ್ ಇದ್ದ ಆಸ್ಪತ್ರೆಗೇ ತಂದರು. ಅವಳು ಫೋನ್ ಮಾಡಿದಳು. ನಾನು ಟ್ಯಾಕ್ಸಿಯಲ್ಲಿ ತಲುಪುವಾಗ ಕೊಯ್ಯುವ ಡಾಕ್ಟರು ಅಂಗಿ ಬದಲಿಸಿ ತಯಾರಾಗಿದ್ದರು. ಅನಸ್ತೇಶಿಯಾದವರು ಅಬುಧಾಬಿಯಲ್ಲಿ ಬೇರೆ ಆಪರೇಶನ್ನಿನಲ್ಲಿ.

“ನಾನು ಕೊಡ್ತೇನೆ ಡಾಕ್ಟ್ರೇ. ಊರಲ್ಲಿ ಮಾಡಿದ್ದು ಇದನ್ನೇ ಅಲ್ವಾ?”

“ಗೊತ್ತುಂಟು ಸಿಸ್ಟರ್. ನಿಮ್ಮ ಲೈಸೆನ್ಸಿನಲ್ಲಿ ಇಲ್ಲ. ಏನಾದ್ರೂ ಆದ್ರೆ ನಾವಿಬ್ರೂ ಖಲಾಸ್.”

ಕೆಟ್ಟ ಮನುಷ್ಯನಲ್ಲ. ನನ್ನ ಮುಖ ಮಾತ್ರ ನೋಡಲಿಲ್ಲ.

ಜೂಡಿತ್‌ಳೂ ಸೇರಿ ಆಂಬ್ಯುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಅಪಘಾತವಾಗಿ ವಾಹನಗಳು ನಿಂತುಬಿಟ್ಟಿದ್ದವು. ಎಷ್ಟು ಸೈರನ್ ಹಾಕಿದರೂ ಜಾಗವಿಲ್ಲ. ನೋವಿಗೆ ಕೊಟ್ಟ ಇಂಜೆಕ್ಷನ್ ಏನೂ ಸಾಕಾಗಲಿಲ್ಲ.

“ಜೂಡಿ, ನಿನ್ನ ಪ್ರಾರ್ಥನೆ ಹೇಳಿಸು ಮಾರಾಯ್ತಿ” ಎಂದರು ಇವರು. “ನಿದ್ದೆ ಬರ್ಲಿ.”

ಅವಳು ಕೈ ಹಿಡಿದು ಶುರುಮಾಡಿದಳು. ಇವರು ಹಲ್ಲು ಕಚ್ಚಿ ಒಂದೊಂದೇ ಶಬ್ದ ಹೇಳಿದರು. ಅರ್ಧ ದಾಟಿತು. ಆಮೆನ್ ಕೂಡ ಬಂತು.

“ಬರ್ಲಿಲ್ಲ ಅಲ್ವಾ?” ಎಂದರು. “ಇನ್ನೊಮ್ಮೆ ಹೇಳಿಸು.”

ಎರಡನೇ ಸಲ ಅವಳು ಇವರ ಕೈಯನ್ನು ನನ್ನ ಕೈಗಿಟ್ಟಳು. ನಾನೇ ಹೇಳಿಸಿದೆ.

ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ತೆರೆಯುವಾಗ ಕರುಳು ಕಪ್ಪಾಗಿತ್ತು. ಮರುದಿನ ತೀರಿಕೊಂಡರು. ಬೇಗ ಕೊಯ್ದಿದ್ದರೆ ಉಳಿಯುತ್ತಿದ್ದರೇ? ಜೂಡಿತ್‌ಳನ್ನು ನಾನು ಕೇಳಲಿಲ್ಲ.

ಗಂಡ ಹೋದ ಮೇಲೆ ನನಗೆಲ್ಲಿಯ ವೀಸಾ? ಊರಿಗೆ ಹೊರಡುವ ಸಂಜೆ ಕಟ್ಟಿದ ಪೆಟ್ಟಿಗೆಗಳ ನಡುವೆ ಇಬ್ಬರೂ ಜಪಸರ ಹಿಡಿದು ಅದೇ ‘ನಮಾನ್ ಮೋರಿಯೆ’ ಹೇಳುತ್ತ ಕೂತೆವು. ಪ್ರತಿ ಸಲ ಆಮೆನ್ ಬರುವಾಗ ಜೂಡಿತ್ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನಾನೊಬ್ಬಳೇ ಹೇಳಿ ಮುಗಿಸಿದೆ.