ಹಿಂಬದಿ ಖಾಲಿ ಇದ್ದ ಹಾಳೆ

ಕೊರೋನಾ ಗದ್ದಲ ತಣ್ಣಗಾದ ಮರುವರ್ಷದ ಬೇಸಿಗೆಯ ಮಾತು. ರೋಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಫಿಜಿಯೋಥೆರಪಿ ಕ್ಲಿನಿಕ್ ಶುರುವಾಗಿ ಆಗಲೇ ಹತ್ತೊಂಬತ್ತು ವರ್ಷವಾಗಿತ್ತು. ಮೊಣಕಾಲು, ಸೊಂಟ ನೋಡುವವರು ಬೇಕಾದಷ್ಟಿದ್ದಾರೆ. ತಲೆತಿರುಗು, ನಡೆಯುವಾಗ ಜೋಲಿ ಹೋಗುವುದು, ಮುಖದ ನರ ಸೋತು ಬಾಯಿ ಸೊಟ್ಟಾಗುವುದು, ಈ ಮೂರನ್ನು ಹಟ ಹಿಡಿದು ಕಲಿತವಳು ನಾನು. ಸುತ್ತಲಿನ ಹಳ್ಳಿಗಳಲ್ಲಿ ಓದಿದ ಹೆಂಗಸರನ್ನು ಬಾಯಾರು ಅನ್ನುತ್ತಾರೆ, ನನಗೆ 'ಬೈಯೋ ಬಾಯಾರು' ಅಂತ ಹೆಸರು. ಸುಳ್ಳಲ್ಲ, ಬೈಯುತ್ತೇನೆ.

ಬೈಯದೆ ಏನು ಮಾಡಲಿ? ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಮನೆಯೇ ಗರಗರ ತಿರುಗುತ್ತದೆ ಎನ್ನುವವರು ಕೊರಳಿಗೆ ಪಟ್ಟಿ ಬಿಗಿದುಕೊಂಡು ಬರುತ್ತಾರೆ. ಒಳಗಿವಿಯ ಸಣ್ಣ ಹರಳು ಜಾಗ ತಪ್ಪಿದರೆ ಹಾಗೆ ತಿರುಗುತ್ತದೆ. ತಲೆಯನ್ನು ಗೊತ್ತಾದ ಕ್ರಮದಲ್ಲಿ ಹೊರಳಿಸಿದರೆ ಬಹಳ ಜನರಿಗೆ ಅಲ್ಲೇ ಇಳಿಯುತ್ತದೆ. ಅದನ್ನು ಬಿಟ್ಟು ಆರು ತಿಂಗಳು ಕತ್ತಿಗೆ ಪಟ್ಟಿ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಪಟ್ಟಿ ಹಾಕಿದವರಿಗೂ ಬೈಯುತ್ತೇನೆ, ಹಾಕಿಸಿಕೊಂಡವರಿಗೂ ಬೈಯುತ್ತೇನೆ.

ಆ ವರ್ಷದ ಮಾರ್ಚಿನಲ್ಲಿ ಒಂದು ಭಾನುವಾರ ಗಜೇಂದ್ರಗಡದಲ್ಲಿ ಉಚಿತ ಶಿಬಿರ ಮಾಡಿದೆ. ಮಧ್ಯಾಹ್ನದೊಳಗೆ ಎಪ್ಪತ್ತನಾಲ್ಕು ಜನ ಬಂದರು. ಅವರಲ್ಲಿ ಮೂವರದು ಮುಖದ ನರದ ತೊಂದರೆ. ಮುಖದ ಒಂದು ಬದಿಯನ್ನು ಆಡಿಸುವ ಏಳನೆಯ ನರ ಇದ್ದಕ್ಕಿದ್ದಂತೆ ಸೋಲುತ್ತದೆ. ಆ ಬದಿಯ ಹುಬ್ಬು ಏರುವುದಿಲ್ಲ, ಬಾಯಿ ಮತ್ತೊಂದು ಕಡೆ ಎಳೆಯುತ್ತದೆ, ಕಣ್ಣು ಮುಚ್ಚುವುದಿಲ್ಲ. ಮೊದಲ ಮೂರು ದಿನದೊಳಗೆ ವೈದ್ಯರ ಗುಳಿಗೆ ಶುರುವಾದರೆ ಬಹಳ ಮಂದಿ ಗುಣವಾಗುತ್ತಾರೆ. ಈ ಮೂವರೂ ಗುಳಿಗೆ ತೆಗೆದುಕೊಂಡೇ ಬಂದಿದ್ದರು. ಮುಂದೆ ಕೂಡಿಸಿಕೊಂಡು ವ್ಯಾಯಾಮ ತೋರಿಸಿ, ನಾನೇ ಚಿತ್ರ ಬರೆದು ತಯಾರು ಮಾಡಿದ ಹಾಳೆಯನ್ನು ಕೈಗೆ ಕೊಟ್ಟು ಕಳಿಸಿದೆ. ಆ ಹಾಳೆಯ ಬಗ್ಗೆ ನನಗೆ ಭಾರೀ ಅಭಿಮಾನ.

ಐದು ವಾರ ಕಳೆದ ಮೇಲೆ ಆ ಮೂವರಲ್ಲಿ ಒಬ್ಬಳಾದ ನೀಲವ್ವ ರೋಣಕ್ಕೆ ಬಂದಳು. ಮೂವತ್ತಾರು ವರ್ಷದ ನೇಕಾರಳು, ಕೈಮಗ್ಗದ ಸೀರೆ ನೇಯುವವಳು. ಜೊತೆಗೆ ಗಂಡ ಶಂಕ್ರಪ್ಪ. ಆಕೆ ಬಲಗಣ್ಣಿನ ಮೇಲೆ ಸೆರಗು ಹಿಡಿದುಕೊಂಡೇ ಕೂತಳು. ಮಾತಾಡಿದವನು ಗಂಡ.

"ನೀವ್ ಹೇಳಿದ್ದೆಲ್ಲಾ ಬಿಡದ ಮಾಡ್ಯಾಳ್ರಿ ಬಾಯಾರ. ಬಾಯಿ ಭಾಳ ಚಲೋ ಆಗೇತಿ, ನೋಡ್ರಿ. ಏ, ನಗಬೇ ಒಂದೀಟ."

ಆಕೆ ನಕ್ಕಳು. ಖರೇನೇ, ಬಾಯಿ ಮುಕ್ಕಾಲು ಪಾಲು ನೆಟ್ಟಗಾಗಿತ್ತು. ನಾನು ಹಿಗ್ಗಿದೆ. ಆಮೇಲೆ ಶಂಕ್ರಪ್ಪ ದೊಡ್ಡ ವಿಷಯವೇನಲ್ಲ ಎನ್ನುವಂತೆ ಹೇಳಿದ, "ಕಣ್ಣಷ್ಟ ಉಷ್ಣಾಗಿ ಕೆಂಪಾಗೇತ್ರಿ. ಹರಳೆಣ್ಣಿ ಬಿಡಾಕತ್ತೀವಿ."

ಸೆರಗು ಸರಿಸಿದೆ. ಕಣ್ಣು ಕೆಂಡದಂತಿತ್ತು. ಬೆಳಕಿಗೆ ಆಕೆ ಮುಖ ಹಿಂಡಿದಳು, ಆದರೂ ರೆಪ್ಪೆ ಕೂಡಲಿಲ್ಲ, ನಡುವೆ ಒಂದು ಗೆರೆಯಷ್ಟು ಕಣ್ಣು ತೆರೆದೇ ಉಳಿಯಿತು. ಬ್ಯಾಟರಿ ಹಿಡಿದು ನೋಡಿದರೆ ಕರಿಗುಡ್ಡೆಯ ಮೇಲೆ ಜೋಳದ ನುಚ್ಚಿನಷ್ಟು ಬಿಳಿ ಚುಕ್ಕೆ. ಹುಣ್ಣು. ಮುಚ್ಚದ ಕಣ್ಣು ಐದು ವಾರ ಒಣಗಿತ್ತು. ಗಜೇಂದ್ರಗಡದ ಗುಡ್ಡದ ಗಾಳಿ, ಮಗ್ಗದ ನೂಲಿನ ಧೂಳು, ತಲೆಯ ಮೇಲೆ ಫ್ಯಾನು. ಆ ಕಣ್ಣು ಹೋಗುವುದರಲ್ಲಿತ್ತು.

ನನ್ನ ಮೈ ಉರಿದುಹೋಯಿತು. "ನಿನಗ ಕಣ್ಣಿಲ್ಲೇನೋ ಶಂಕ್ರಪ್ಪಾ? ಹೇಂತಿ ಕಣ್ಣ ತಗದ ಮಲಗೂದು ಕಾಣ್ಲಿಲ್ಲೇನು?" ಎಂದು ಕೂಗಿದೆ.

"ಕಂಡೇತ್ರಿ," ಅಂದ ಅವನು ಅಂಜಿಕೊಂಡು. "ಹಾಳ್ಯಾಗ ಕಣ್ಣ ಅಗಲ ತಗದು ಹತ್ತು ಎಣಸ್ರಿ ಅಂತ ಐತ್ರೆಲಾ. ಹಿಂಗ ತಗದಷ್ಟೂ ಚಲೋ ಅನಕೊಂಡ್ವಿರಿ."

"ಅದ ಹಾಳ್ಯಾಗ ಕಣ್ಣ ಹ್ಯಾಂಗ ಕಾಯಬೇಕಂತಾನೂ ಬರದೀನಿ! ಹನಿ ಹಾಕ್ರಿ, ಮಲಗುವಾಗ ಮುಲಾಮು ಹಚ್ಚಿ ಪಟ್ಟಿ ಅಂಟಿಸ್ರಿ, ಧೂಳಾಗ ಕನ್ನಡಕ ಹಾಕ್ರಿ ಅಂತ. ಸಾಲೀ ಕಲತೀರೋ ಇಲ್ಲೋ? ನಿಮಗೆಲ್ಲಾ ಬರದ ಕೊಡ್ತೀನಲ್ಲಾ, ನನ್ನ ಬುದ್ಧಿಗೆ ಬೆಂಕಿ ಹಾಕ!"

ನೀಲವ್ವ ಚೀಲದಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ನನ್ನ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಅಂಚಿನ ತುಂಬ ಪೆನ್ಸಿಲ್ ಗೀಟುಗಳಿದ್ದವು. ದಿನಕ್ಕೆ ಮೂರರಂತೆ ಒಂದು ದಿನವೂ ತಪ್ಪಿರಲಿಲ್ಲ. ಒಂಬತ್ತು ವ್ಯಾಯಾಮ, ಒಂಬತ್ತು ಚಿತ್ರ, ಕೆಳಗೆ ಮೂಲೆಯಲ್ಲಿ ನನ್ನದೇ ಅಕ್ಷರ: ಹಿಂದೆ ನೋಡಿ.

"ಹಿಂದ ನೋಡ್ರಿ ಅಂತಿತ್ರಿ ಬಾಯಾರ," ಅಂದಳು ನೀಲವ್ವ. "ಹಾಳಿ ತಿರುವಿ ನೋಡಿದ್ನಿರಿ. ಏನೂ ಇರ್ಲಿಲ್ಲ."

ತಿರುಗಿಸಿದೆ. ಹಿಂಬದಿ ಬೆಳ್ಳಗಿತ್ತು.

ಆಗ ನೆನಪಾಯಿತು. ಶಿಬಿರದ ಹಿಂದಿನ ಸಂಜೆ ಝೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಅಂಗಡಿಯವರು, "ಎರಡೂ ಬದಿ ತಗೀಬೇಕಂದ್ರ ಒಂದೊಂದಾಗಿ ತಿರುವಿ ಹಾಕಬೇಕ್ರಿ, ಇನ್ನೂ ಅರ್ಧ ತಾಸು ಆಕ್ಕೈತಿ," ಅಂದರು. ನಾನು, "ಮುಂದಿನ ಬದಿ ಸಾಕು ಬಿಡ್ರಿ, ವ್ಯಾಯಾಮನ ಮುಖ್ಯ, ಉಳಿದದ್ದು ಬಾಯಾಗ ಹೇಳ್ತೀನಿ," ಅಂದೆ. ಮರುದಿನ ಎಪ್ಪತ್ತನಾಲ್ಕು ಜನರ ಗಡಿಬಿಡಿಯಲ್ಲಿ ಹೇಳಲಿಲ್ಲ. ಅರ್ಧ ತಾಸು ಉಳಿಸಿದ್ದೆ.

ಅದಕ್ಕಿಂತ ಸಿಟ್ಟು ಬರಿಸುವ ಮಾತು ಬೇರೆ ಇದೆ. ಕಣ್ಣಿನ ವಿಷಯವನ್ನು ಹಿಂಬದಿಗೆ ಹಾಕಿದವರಾದರೂ ಯಾರು? ನಾನೇ. ಬಂದವರೆಲ್ಲ ಬಾಯಿಯನ್ನೇ ಕೇಳುತ್ತಾರೆ, ಮದುವೆಗೆ ಹೋಗುವುದು ಹೇಗೆ, ಮಂದಿ ಏನಂದಾರು ಅಂತ. ನಾನೂ ಅದೇ ತಾಳಕ್ಕೆ ಕುಣಿದು ಬಾಯಿಯನ್ನು ಮುಂದಿಟ್ಟೆ. ಬಾಯಿ ಸೊಟ್ಟಾದರೆ ನೋಡುವವರಿಗೆ ತೊಂದರೆ, ಕಣ್ಣು ಹೋದರೆ ಆಕೆಗೆ. ಇಷ್ಟು ತಿಳಿಯದವಳು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದೆ.

ಹುಣ್ಣಾದ ಕಣ್ಣನ್ನು ಬಿಗಿದು ಕಟ್ಟಬಾರದು. ಚಹದ ಕಾಗದದ ಕಪ್ಪಿನ ತಳಭಾಗವನ್ನು ಕತ್ತರಿಸಿ ತೆಗೆದು, ಅದನ್ನೇ ಕಣ್ಣಿಗೆ ತಾಗದಂತೆ ಮೇಲೆ ಮುಚ್ಚಿ ಅಂಟಿಸಿದೆ. ಕ್ಲಿನಿಕ್ಕಿಗೆ ಬೀಗ ಹಾಕಿ ನನ್ನ ಕಾರಿನಲ್ಲೇ ಇಬ್ಬರನ್ನೂ ಗದಗಕ್ಕೆ ಕರೆದೊಯ್ದೆ. ಅಲ್ಲಿಯ ಕಣ್ಣಿನ ಡಾಕ್ಟರು ನನಗಿಂತ ಇಪ್ಪತ್ತು ವರ್ಷ ಸಣ್ಣವರು. ನೋಡುತ್ತಲೇ ಗರಂ ಆದರು.

"ಮುಖಕ್ಕೆ ವ್ಯಾಯಾಮ ಹೇಳಿಕೊಟ್ಟವರು ಯಾರು? ಕಣ್ಣಿನ ಬಗ್ಗೆ ಒಂದು ಮಾತು ಹೇಳಲಿಲ್ಲವೇ ಅವರು?"

"ನಾನೇ," ಅಂದೆ. ಅವರು ಬೈದದ್ದನ್ನೆಲ್ಲ ನಿಂತು ಕೇಳಿದೆ. ಒಂದು ಮಾತೂ ಹೆಚ್ಚೆನಿಸಲಿಲ್ಲ.

ಹನ್ನೊಂದು ದಿನ ಒಳರೋಗಿಯಾಗಿ ಇಟ್ಟುಕೊಂಡರು. ತಾಸಿಗೊಮ್ಮೆ ಹನಿ ಹಾಕಿದರು, ರೆಪ್ಪೆಯ ಹೊರತುದಿಗೆ ತಾತ್ಕಾಲಿಕವಾಗಿ ಎರಡು ಹೊಲಿಗೆ ಹಾಕಿದರು. ಹುಣ್ಣು ಮಾಯಿತು, ಗುಡ್ಡೆ ಉಳಿಯಿತು, ಕಲೆ ನಿಂತಿತು. ಆ ಕಣ್ಣಿಗೆ ಈಗ ಮನುಷ್ಯರು ಕಾಣುತ್ತಾರೆ, ನೂಲಿನ ಎಳೆ ಕಾಣುವುದಿಲ್ಲ. ನೀಲವ್ವ ಮತ್ತೆ ಮಗ್ಗಕ್ಕೆ ಕೂತಿದ್ದಾಳೆ, ಆದರೆ ಅಂಚಿನ ನಾಜೂಕು ಕೆಲಸ ನೆಗೆಣ್ಣಿಯ ಪಾಲಾಗಿದೆ. ಆಕೆ ಬರೀ ಮೈಭಾಗ ನೇಯುತ್ತಾಳೆ.

ಶಿಬಿರಕ್ಕೆ ಬಂದಿದ್ದ ಇನ್ನಿಬ್ಬರನ್ನು ಹುಡುಕಿದೆ. ಅಬ್ಬಿಗೇರಿಯ ಹೆಣ್ಣುಮಗಳು ಸಿಕ್ಕಳು, ಆಕೆಯ ಕಣ್ಣು ಸುರಕ್ಷಿತವಾಗಿತ್ತು. ಇನ್ನೊಬ್ಬರ ಬಗ್ಗೆ ಶಿಬಿರದ ದಾಖಲೆಯಲ್ಲಿದ್ದದ್ದು 'ನರಗುಂದ, ಗಂಡಸು, 50' ಅಂತ ಅಷ್ಟೇ. ಎರಡು ಸಲ ನರಗುಂದಕ್ಕೆ ಹೋಗಿ ದವಾಖಾನೆ, ಔಷಧಿ ಅಂಗಡಿಗಳಲ್ಲಿ ವಿಚಾರಿಸಿದೆ. ಸಿಗಲಿಲ್ಲ. ಇವತ್ತಿಗೂ ಆ ಊರಿನಲ್ಲಿ ಒಂದು ಕಣ್ಣಿನ ಮೇಲೆ ಟವೆಲ್ ಹಿಡಿದ ಗಂಡಸನ್ನು ಕಂಡರೆ ಕಾರು ನಿಲ್ಲಿಸುತ್ತೇನೆ.

ಕಾಗದ ಕೊಟ್ಟ ಮಾತ್ರಕ್ಕೆ ಚಿಕಿತ್ಸೆ ಕೊಟ್ಟಂತಾಗುವುದಿಲ್ಲ. ಈಗ ಯಾರಿಗೇ ಹಾಳೆ ಕೊಟ್ಟರೂ ಎದುರಿಗೇ ಓದಿಸುತ್ತೇನೆ, ಮನೆಯವರ ಕೈಯಿಂದ ರೆಪ್ಪೆಗೆ ಪಟ್ಟಿ ಅಂಟಿಸಿ ಕಲಿಸುತ್ತೇನೆ. ಬೈಯುವುದು ಬಿಟ್ಟಿಲ್ಲ. ಬೈಯುವ ಮೊದಲು ಹಾಳೆ ತಿರುವಿ ನೋಡುತ್ತೇನೆ.

ಮಳೆಗಾಲದಲ್ಲಿ ನೀಲವ್ವ ತೋರಿಸಿಕೊಳ್ಳಲು ಬಂದಿದ್ದಳು. ನನಗೆ ತಡೆಯಲಾಗಲಿಲ್ಲ. "ನನಗ ಒಂದರೆ ಮಾತ ಬೈಯವಾ, ನನ್ನ ಹೊಟ್ಟಿ ತಣ್ಣಗಾಗ್ಲಿ," ಅಂದೆ.

"ಬೈದ್ರ ಕಣ್ಣ ಬರತೈತೇನ್ರಿ?" ಅಂದಳು.

ಹೊಸ ಹಾಳೆ ಕೊಟ್ಟೆ. ಒಂದೇ ಬದಿ, ಮೇಲೆಯೇ ದಪ್ಪ ಅಕ್ಷರದಲ್ಲಿ ಕಣ್ಣಿನ ನಾಲ್ಕು ಸಾಲು, ವ್ಯಾಯಾಮ ಅದರ ಕೆಳಗೆ. ಎಡಗಣ್ಣಿನ ಹತ್ತಿರ ಹಿಡಿದು ನಿಧಾನವಾಗಿ ಪೂರ್ತಿ ಓದಿದಳು. ಆಮೇಲೆ ತಿರುಗಿಸಿದಳು, ಬಿಳಿ ಬದಿಯ ಮೇಲೆ ಒಮ್ಮೆ ಕೈಯಾಡಿಸಿದಳು.

"ಹಿಂದ ಏನೂ ಇಲ್ಲಲ್ರಿ ಬಾಯಾರ?"

"ಇಲ್ಲವಾ."

"ಖಾತ್ರಿನ?"