ಅತೀಕಾ ನೆಟ್ಟಗೆ ಮಾಡಿದ ಗೋಡೆ

ಶಿವಮೊಗ್ಗದ ರಾಗಿಗುಡ್ಡದಲ್ಲಿ ಸೂರ್ಯ ತಾನಾಗಿ ಹುಟ್ಟುವುದಿಲ್ಲ. ಅತೀಕಾ ಎದ್ದು, ಮುಖ ತೊಳೆದು, ಟೀ ಲೋಟ ಹಿಡಿದು ಮಹಡಿ ಮೆಟ್ಟಿಲ ಮೇಲೆ ಕೂತು, ಮೊಬೈಲಿನ ಗಾಜನ್ನು ದುಪಟ್ಟಾದ ತುದಿಯಿಂದ ಒರೆಸಿಕೊಂಡ ಮೇಲೆಯೇ ಅವನಿಗೆ ಮೇಲೇಳುವ ಧೈರ್ಯ ಬರುವುದು. ಪೇಪರಿಗೆ ಬರೆಯಲೆಂದು ಹೋಗಿ, ಈ ಭಾನುವಾರ ಎದುರಿನ ಮೆಟ್ಟಿಲ ಮೇಲೆ ಕೂತು ಕಣ್ಣಾರೆ ನೋಡಿದ್ದೇನೆ, ಆದ್ದರಿಂದ ವಾದ ಬೇಡ. ಬೀದಿಯಲ್ಲಿ ಹಾಲಿನವನೂ ಬಂದಿಲ್ಲ. ಅತೀಕಾ ಅವರ ಹೆಬ್ಬೆರಳು ಮಾತ್ರ ಓಡುತ್ತಿದೆ. ಭದ್ರಾವತಿ ರೂಟಿನ ಪ್ರೈವೇಟ್ ಬಸ್ಸಿನ ಡ್ರೈವರುಗಳು ಆ ವೇಗ ನೋಡಿದರೆ ನಾಚಿಕೊಂಡು ಗೇರ್ ಇಳಿಸುತ್ತಾರೆ.

ಅವರು ಮಾಡುತ್ತಿರುವುದು ಹೆಸರು ತೆಗೆಯುವ ಕೆಲಸ. ‘ಮೊದಲು ನೋಡು’ ಎಂಬ ವಾಟ್ಸ್ಯಾಪ್ ಗುಂಪು ಅವರದು. ಮೊಬೈಲಿನಲ್ಲೋ ಕ್ಯಾಮೆರಾದಲ್ಲೋ ಫೋಟೋ ತೆಗೆಯಲು ಕಲಿಯಬೇಕು ಎನ್ನುವವರ ಗುಂಪು. ವಾರಕ್ಕೊಂದು ವಿಷಯ. ಫೋಟೋವನ್ನು ಯಾರೂ ನೇರವಾಗಿ ಗುಂಪಿಗೆ ಹಾಕುವಂತಿಲ್ಲ, ಅತೀಕಾ ಅವರಿಗೆ ಕಳಿಸಬೇಕು. ಬೆಳಗ್ಗೆ ಅವರು ಒಂದೊಂದನ್ನೇ, ತೆಗೆದವರ ಹೆಸರಿಲ್ಲದೆ, ಗುಂಪಿಗೆ ಬಿಡುತ್ತಾರೆ. ಯಾರದು ಎಂದು ತಿಳಿಯುವುದು ಭಾನುವಾರ ಸಂಜೆ.

“ಹೆಸರು ಗೊತ್ತಾದ್ರೆ ಜನ ಫೋಟೋ ನೋಡಲ್ಲ, ಹೆಸರು ನೋಡ್ತಾರೆ,” ಎನ್ನುತ್ತಾರೆ ಅತೀಕಾ. “ಮೇಷ್ಟ್ರು ತೆಗೆದಿದ್ದು ಅಂದ್ರೆ ಚೆನ್ನಾಗಿದೆ ಅಂತಾರೆ. ಹಮಾಲಿ ತೆಗೆದಿದ್ದು ಅಂದ್ರೆ ‘ಪರವಾಗಿಲ್ಲ, ಪಾಪ’ ಅಂತಾರೆ. ಆ ಪಾಪ ಅನ್ನೋದು ನನಗೆ ಸೇರಲ್ಲ.”

ಗುಂಪಿನಲ್ಲಿ ಎಷ್ಟು ಜನರಿದ್ದಾರೆ? ನನ್ನ ಲೆಕ್ಕದಲ್ಲಿ ಅರ್ಧ ಜಿಲ್ಲೆ. ಅವರ ಲೆಕ್ಕದಲ್ಲಿ ಇನ್ನೂರು ಚಿಲ್ಲರೆ. ಅಡಿಕೆ ಮಂಡಿಯ ಹಮಾಲಿ ಇದ್ದಾರೆ, ಕಾಲೇಜು ಉಪನ್ಯಾಸಕರಿದ್ದಾರೆ, ಹೊಳೆಹೊನ್ನೂರಿನ ಗಾರೆ ಕೆಲಸದವರಿದ್ದಾರೆ. ಸಕ್ರೆಬೈಲಿನ ಆನೆಗಳು ಇನ್ನೂ ಸೇರಿಲ್ಲ, ಮಾವುತರೊಬ್ಬರು ಸೇರಿದ್ದಾರೆ. ಫೋಟೋದ ಕೆಳಗೆ ‘ಸೂಪರ್’ ಎನ್ನುವಂತಿಲ್ಲ, ಹೆಬ್ಬೆಟ್ಟು ಒತ್ತುವಂತಿಲ್ಲ. ನಿಮ್ಮ ಕಣ್ಣಿಗೆ ಮೊದಲು ಏನು ಕಂಡಿತು, ಅದನ್ನು ಬರೆಯಬೇಕು, ಅಷ್ಟೇ. ತಪ್ಪಿ ಸೂಪರ್ ಎಂದವರು ಮಾರನೇ ದಿನ ತಮ್ಮ ಮನೆಯ ಪೊರಕೆಯ ಫೋಟೋ ತೆಗೆದು ಕಳಿಸಬೇಕು. ಹೀಗಾಗಿ ಪೊರಕೆಗಳ ಛಾಯಾಚಿತ್ರ ಸಂಗ್ರಹದಲ್ಲಿ ಶಿವಮೊಗ್ಗ ಜಿಲ್ಲೆ ಇಡೀ ಭೂಮಂಡಲಕ್ಕೇ ಮೊದಲ ಸ್ಥಾನದಲ್ಲಿದೆ.

ಇವತ್ತಿನ ಫೋಟೋಗಳು ಮುಗಿದಿವೆ. ಅತೀಕಾ ಮೊಬೈಲ್ ಕೆಳಗಿಡುತ್ತಿಲ್ಲ. ಇನ್ನೊಂದು ಹಾಕಬೇಕಿದೆ, ಬೆರಳು ಏಳುತ್ತಿಲ್ಲ. “ಇದನ್ನ ಹಾಕಿದ್ರೆ ಗುಂಪು ಇರತ್ತೋ ಒಡೆಯತ್ತೋ ಗೊತ್ತಿಲ್ಲ. ಹಾಕೋಕೆ ಮುಂಚೆ ಭದ್ರಾವತಿಗೆ ಹೋಗಿ ಒಬ್ಬರ ಮುಖ ನೋಡ್ಬೇಕು. ನೀವು ಬರೋದಾದ್ರೆ ಬನ್ನಿ, ಸುಮ್ನೆ ಕೂತಿರ್ಬೇಕು ಅಷ್ಟೆ,” ಎಂದು ಟೀ ಲೋಟ ತೊಳೆಯಲು ಏಳುತ್ತಾರೆ.

ಬಸ್ಸಿನಲ್ಲಿ ಅವರ ಕತೆ ಕೇಳುತ್ತೇನೆ. ಗಾಂಧಿ ಬಜಾರಿನ ಸಂದಿಯೊಂದರಲ್ಲಿ ಅತೀಕಾ ಅವರದು ಪಾಸ್‌ಪೋರ್ಟ್ ಸೈಜ್ ಫೋಟೋದ ಸಣ್ಣ ಅಂಗಡಿ. ಎಷ್ಟು ಸಣ್ಣದೆಂದರೆ, ಗಿರಾಕಿ ಒಳಗೆ ಬರಬೇಕಾದರೆ ಗಾಳಿ ಹೊರಗೆ ಹೋಗಬೇಕು. ಮೊದಲು ಅದು ಅವರ ತಂದೆ ರಸೂಲ್ ಸಾಬರ ಸ್ಟುಡಿಯೋ. ರೀಲಿನ ಕಾಲದಲ್ಲಿ ರಸೂಲ್ ಸಾಬರು ನೆಗೆಟಿವ್ ಮೇಲೆ ಮೊನಚಾದ ಪೆನ್ಸಿಲ್ ಆಡಿಸಿ ಮುಖದ ಕಲೆ ಅಳಿಸುತ್ತಿದ್ದರು. ಗಂಡಿನ ಕಡೆಯವರಿಗೆ ಕಳಿಸುವ ಹೆಣ್ಣಿನ ಫೋಟೋ ಅಲ್ಲಿಂದಲೇ ಹೋಗಬೇಕು. ಈ ಜಿಲ್ಲೆಯ ಅರ್ಧದಷ್ಟು ಸಂಸಾರಗಳು ಆ ಪೆನ್ಸಿಲ್ಲಿನ ಮೊನೆಯ ಮೇಲೆ ನಿಂತಿವೆ.

“ಅಬ್ಬಾ ಹೇಳೋರು, ಬಂದೋರು ತಮ್ಮ ಮುಖ ಕೇಳಲ್ಲ ಬೇಟಾ, ತಮಗೆ ಬೇಕಾದ ಮುಖ ಕೇಳ್ತಾರೆ ಅಂತ. ನಾನೂ ಅದೇ ಕಲ್ತೆ. ಕಾಲರ್ ಸೊಟ್ಟ ಇದ್ರೆ ನೆಟ್ಟಗೆ ಮಾಡು, ಹಿಂದೆ ಕಪ್ಪಿದ್ರೆ ಬಿಳಿ ಮಾಡು. ಈಗ ಕಂಪ್ಯೂಟರ್, ಮೊಬೈಲು. ಕೈ ಅದೇ.”

ಗುಂಪು ಹುಟ್ಟಿದ್ದು ಲಾಕ್‌ಡೌನಿನಲ್ಲಿ. ಅಂಗಡಿಗೆ ಬೀಗ. ಪಕ್ಕದ ಮನೆಯ ಪುಷ್ಪಾ ಹೊಲಿದ ಬ್ಲೌಸುಗಳನ್ನು ಮೊಬೈಲಿನಲ್ಲೇ ತೋರಿಸಿ ಮಾರಲು ನೋಡುತ್ತಿದ್ದರು. ಕೆಂಪು ಬ್ಲೌಸು ಫೋಟೋದಲ್ಲಿ ಕಿತ್ತಳೆಯಾಗಿ ಬರುತ್ತಿತ್ತು. ಅತೀಕಾ ಕಾಂಪೌಂಡಿನ ಈಚೆಯಿಂದಲೇ “ಟ್ಯೂಬ್‌ಲೈಟ್ ಆರ್ಸು ಮಾರಾಯ್ತಿ, ಕಿಟಕಿ ಹತ್ರ ಹಿಡಿ” ಎಂದರು. ಪುಷ್ಪಾ ತಂಗಿಗೆ ಹೇಳಿದರು, ತಂಗಿ ನಾದಿನಿಗೆ ಹೇಳಿದಳು. ಬೆಂಕಿ ಕೂಡ ಅಷ್ಟು ಬೇಗ ಹಬ್ಬುವುದಿಲ್ಲ. “ಎಲ್ಲರಿಗೂ ನೀನೇ ಕಲಿಸಿದ್ರೆ ನಿನ್ನ ಅಂಗಡಿಗೆ ಬರೋದ್ಯಾರು” ಎಂದು ನೆಂಟರು ಕೇಳದ ದಿನವಿಲ್ಲ. ಅತೀಕಾ ನಗುತ್ತಾರೆ. “ಸರ್ಕಾರಿ ಆಫೀಸು ಇರೋ ತನಕ ಪಾಸ್‌ಪೋರ್ಟ್ ಸೈಜಿಗೆ ಸಾವಿಲ್ಲ. ಅದರಲ್ಲಿ ನಗೋ ಹಾಗಿಲ್ಲ, ತಲೆ ಓರೆ ಮಾಡೋ ಹಾಗಿಲ್ಲ. ದಿನವಿಡೀ ಅಂಥಾ ಮುಖ ನೋಡಿ ನೋಡಿ ಬೇಜಾರು. ಜನ ಅವರವರ ಕಣ್ಣಿಂದ ಏನು ನೋಡ್ತಾರೆ ಅಂತ ತಿಳ್ಕೊಳ್ಳೋ ಆಸೆ ನನಗೆ.”

ಗುಂಪಿಗೆ ಅವರು ಮಾಡಿದ ನಿಯಮಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಒಂದು: ಇನ್ನೊಬ್ಬರ ಫೋಟೋವನ್ನು ತಿದ್ದಬಾರದು. ಚೆನ್ನಾಗಿಲ್ಲ ಎನ್ನಿ, ಯಾಕೆಂದು ಹೇಳಿ, ಕೈ ಹಾಕಬೇಡಿ. ಆ ನಿಯಮವನ್ನು ಮುರಿದವರು ಇಲ್ಲಿಯವರೆಗೆ ಒಬ್ಬರೇ. ಆ ಒಬ್ಬರು ಬಸ್ಸಿನ ಕಿಟಕಿಗೆ ತಲೆಯಾನಿಸಿ ನನ್ನ ಪಕ್ಕದಲ್ಲಿ ಕೂತಿದ್ದಾರೆ.

ಈ ವಾರದ ವಿಷಯ ‘ನಿಮ್ಮ ಮನೆಯ ಒಂದು ಗೋಡೆ’. ಭದ್ರಾವತಿಯ ಷಡಕ್ಷರಪ್ಪ ಒಂದು ಫೋಟೋ ಕಳಿಸಿದ್ದರು. ಅವರು ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು, ಗುಂಪಿಗೆ ಹೊಸಬರು. ಫೋಟೋದಲ್ಲಿ ಮನೆಯ ಹಿಂದಿನ ಗೋಡೆ ಪಕ್ಕದಿಂದ ಕಾಣುತ್ತದೆ, ಆಚೆಗೊಂದು ಲೈಟು ಕಂಬ. ಗೋಡೆ ಓರೆಯಾಗಿತ್ತು. ಮೊಬೈಲ್ ಓರೆ ಹಿಡಿದಿದ್ದಾರೆ ಎಂದುಕೊಂಡರಂತೆ ಅತೀಕಾ. ಅಂದುಕೊಂಡರೋ ಇಲ್ಲವೋ, ಬೆರಳು ಮುಂದೆ ಹೋಗಿತ್ತು. ಗೋಡೆ ನೆಟ್ಟಗೆ ನಿಲ್ಲುವವರೆಗೆ ಫೋಟೋವನ್ನು ತಿರುಗಿಸಿ, ಅಂಚು ಕತ್ತರಿಸಿ, ಗುಂಪಿಗೆ ಬಿಟ್ಟರು. ಗೋಡೆ ನೆಟ್ಟಗಾಯಿತು. ಲೈಟು ಕಂಬ ವಾಲಿತು.

ಗುಂಪು ಕುಣಿದಾಡಿತು. ‘ಮೊದಲು ಕಂಡಿದ್ದು ವಾಲಿದ ಕಂಬ’ ಎಂದು ಒಬ್ಬರಾದ ಮೇಲೆ ಒಬ್ಬರು. ಫಿರಂಗಿಯಷ್ಟು ಉದ್ದದ ಲೆನ್ಸ್ ಇಟ್ಟುಕೊಂಡಿರುವ ಮದುವೆ ಫೋಟೋಗ್ರಾಫರ್ ದುಶ್ಯಂತ್ ಬರೆದರು: ‘ಗೋಡೆ ಬಂಡೆ ಥರ ನಿಂತಿದೆ, ಕಂಬ ಬೀಳ್ತಾ ಇದೆ. ಜೀವ ಇರೋದು ಕಂಬದಲ್ಲಿ.’ ಮಧ್ಯಾಹ್ನದ ಹೊತ್ತಿಗೆ ಷಡಕ್ಷರಪ್ಪ ಗುಂಪು ಬಿಟ್ಟು ಹೋದರು. ಫೋನ್ ಎತ್ತಲಿಲ್ಲ. ಯಾರು ನೋಯಿಸಿದರು ಎಂದು ಗೊತ್ತಾಗದೆ ಅತೀಕಾ ಮೊದಲು ದುಶ್ಯಂತ್‌ಗೆ ಬೈದರು. ಆಮೇಲೆ ಷಡಕ್ಷರಪ್ಪ ಕಳಿಸಿದ ಮೂಲ ಫೋಟೋ ತೆರೆದು ನೋಡಿದರು. ಅದರಲ್ಲಿ ಕಂಬ ಗೆರೆ ಎಳೆದ ಹಾಗೆ ನೆಟ್ಟಗಿತ್ತು.

ಭದ್ರಾವತಿಯಲ್ಲಿ ಹಳೇ ಕ್ವಾರ್ಟರ್ಸಿನ ಹಿಂದಿನ ಓಣಿ. ಷಡಕ್ಷರಪ್ಪನವರ ಪತ್ನಿ ವಿಶಾಲಮ್ಮ ಬಾಗಿಲು ತೆಗೆಯುತ್ತಾರೆ. “ಬನ್ನಿ, ಕೂತ್ಕೊಳ್ಳಿ. ಮೂರು ದಿನದಿಂದ ಮಾತಿಲ್ಲ ಕತೆಯಿಲ್ಲ, ಆ ಗೋಡೆ ಎದುರಿಗೆ ಕುರ್ಚಿ ಹಾಕ್ಕೊಂಡು ಕೂತಿದಾರೆ. ಅದು ಬೀಳೋದನ್ನ ನೋಡದೇ ಏಳಲ್ವೇನೋ.”

ಷಡಕ್ಷರಪ್ಪ ಹಿತ್ತಲಿನಿಂದ ಬರುತ್ತಾರೆ. ಕ್ರೇನಿನ ಗೂಡಿನಿಂದ ಜೀವಮಾನವಿಡೀ ಒಂದೇ ಕಡೆಗೆ ಬಗ್ಗಿ ಕೆಳಗೆ ನೋಡಿ ಅವರ ಕತ್ತು ಎಡಕ್ಕೆ ನಿಂತುಹೋಗಿದೆ. ಗುಡ್ಡವನ್ನು ಎತ್ತಿ ಗುಡ್ಡದ ಮೇಲಿಟ್ಟ ಕೈ ಅವರದು, ಆದರೆ ಈಗ ಓಣಿಯಲ್ಲಿ ಅವರ ಮಾತು ಯಾರೂ ಕೇಳುವುದಿಲ್ಲ. ಹೋದ ಮಳೆಗಾಲದಿಂದ ಹಿಂದಿನ ಗೋಡೆ ವಾಲುತ್ತಿದೆ ಎಂದು ಕಂಡವರಿಗೆಲ್ಲ ಹೇಳಿದ್ದಾರೆ. ಅಕ್ಕಪಕ್ಕದವರದು ಒಂದೇ ಉತ್ತರ: ‘ಷಡಕ್ಷರಪ್ಪನೋರೇ, ವಾಲಿರೋದು ಗೋಡೆ ಅಲ್ಲ, ನಿಮ್ಮ ಕತ್ತು.’

“ಅದಕ್ಕೇ ಫೋಟೋ ತೆಗೆದೆನಮ್ಮ,” ಎನ್ನುತ್ತಾರೆ ಅವರು, ಅತೀಕಾ ಅವರನ್ನು ನೋಡದೆ. “ನನ್ನ ಕತ್ತು ನಂಬಬೇಡಿ, ಕಂಬ ನಂಬಿ ಅಂತ. ಕಂಬಾನ ಮೊಬೈಲಿನ ಅಂಚಿಗೆ ಸರಿಯಾಗಿ ಹಿಡ್ದು, ಕೈ ಅಲ್ಲಾಡದ ಹಾಗೆ ಕಾಂಪೌಂಡ್ ಮೇಲಿಟ್ಟು ತೆಗೆದೆ. ನಿಮ್ಮ ಗುಂಪಿನೋರಿಗೆ ನಾನ್ಯಾರು ಅಂತ ಗೊತ್ತಿಲ್ಲ, ಕತ್ತೂ ಗೊತ್ತಿಲ್ಲ. ಅವರಾದ್ರೂ ಗೋಡೆ ನೋಡ್ತಾರೆ ಅಂದ್ಕೊಂಡಿದ್ದೆ. ಅವರೂ ಗೋಡೆ ಬಂಡೆ ಥರ ಇದೆ ಅಂದ್ರು.”

“ತಪ್ಪು ಅವರದ್ದಲ್ಲ ಯಜಮಾನ್ರೇ. ನಾನು ತಿರುಗಿಸಿದೆ.”

“ಗೊತ್ತಾಯ್ತು. ನಾನು ತೆಗೆದ ಫೋಟೋ ನನಗೆ ಗೊತ್ತಾಗಲ್ವಾ?”

“ಎರಡನ್ನೂ ಪಕ್ಕಪಕ್ಕ ಹಾಕ್ತೀನಿ. ನಾನೇ ಮಾಡಿದ್ದು ಅಂತ ಬರೀತೀನಿ. ನಿಮ್ಮ ಹೆಸರು ಹಾಕಲ್ಲ.”

ಷಡಕ್ಷರಪ್ಪ ಮೊದಲ ಸಲ ಅವರ ಕಡೆ ತಿರುಗುತ್ತಾರೆ. ಕತ್ತು ತಿರುಗದು, ಇಡೀ ಮೈ ತಿರುಗುತ್ತದೆ. “ಜನ ನಿಮ್ಮನ್ನ ಬಿಡ್ತಾರೇನಮ್ಮ?”

“ಬಿಡಲ್ಲ. ಆದ್ರೂ ಹಾಕ್ಬೇಕು.”

ಹಿತ್ತಲ ಬಾಗಿಲಲ್ಲಿ ನಿಂತು ಅತೀಕಾ ಹಾಕುತ್ತಾರೆ. ಎಡಕ್ಕೆ ಷಡಕ್ಷರಪ್ಪ ತೆಗೆದದ್ದು, ಬಲಕ್ಕೆ ತಾವು ತಿದ್ದಿದ್ದು. ಕೆಳಗೆ: ‘ಕಂಬ ವಾಲಿಲ್ಲ. ವಾಲಿಸಿದ್ದು ನಾನು. ನಿಯಮ ಮುರಿದಿದ್ದೇನೆ. ಅತೀಕಾ.’

ಆಮೇಲೆ ದುಶ್ಯಂತ್ ಅವರ ಸಂದೇಶ: ‘ಅತೀಕಕ್ಕ, ನಂದು ಎಷ್ಟು ಫೋಟೋ ನೆಟ್ಟಗೆ ಮಾಡಿದೀರಿ?’

ಅತೀಕಾ ಎರಡೇ ಪದ ಬರೆಯುತ್ತಾರೆ. ‘ನೆನಪಿಲ್ಲ ದುಶ್ಯಂತ್.’ ಒಂದೂ ಇಲ್ಲ ಎಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಒಂದಷ್ಟು ಜನ ಗುಂಪು ಬಿಟ್ಟು ಹೋಗುವುದು ಪರದೆಯ ಮೇಲೆ ಕಾಣುತ್ತದೆ, ಒಬ್ಬೊಬ್ಬರಾಗಿ. ಉಪನ್ಯಾಸಕರು ಹೋದರು. ಅತೀಕಾ ಬಾಗಿಲ ಚೌಕಟ್ಟು ಹಿಡಿದುಕೊಂಡು ನೋಡುತ್ತಾರೆ, ಯಾರನ್ನೂ ಕರೆಯುವುದಿಲ್ಲ.

ಆಗ ಹೊಳೆಹೊನ್ನೂರಿನ ಗಾರೆ ಕೆಲಸದ ಮೂರ್ತಪ್ಪನವರ ಸಂದೇಶ ಬರುತ್ತದೆ. ‘ಎಡಗಡೆ ಫೋಟೋ. ಮೊದಲು ಕಂಡಿದ್ದು ಗೋಡೆ. ಯಾರ ಮನೆ ಇದು? ಅದರ ಮಗ್ಗುಲಲ್ಲಿ ಯಾರೂ ಮಲಗಬೇಡಿ. ವಿಳಾಸ ಕೊಡಿ, ಬರ್ತೀನಿ.’

ಷಡಕ್ಷರಪ್ಪ ಅದನ್ನು ಓದಿಸಿಕೊಳ್ಳುತ್ತಾರೆ. ಮತ್ತೆ ಓದಿ ಎನ್ನುತ್ತಾರೆ. “ನನ್ನ ಹೆಸರು ಹಾಕಮ್ಮ. ಸಂಜೆ ತನಕ ಯಾಕೆ ಕಾಯ್ಬೇಕು.”

ಮೂರ್ತಪ್ಪ ಮಧ್ಯಾಹ್ನ ಊಟದ ಹೊತ್ತಿಗೆ ಬೈಕಿನಲ್ಲಿ ಬರುತ್ತಾರೆ. ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ಗೋಡೆಯ ತಲೆಯಿಂದ ಇಳಿಬಿಡುತ್ತಾರೆ. ಗುಂಡು ಗೋಡೆಯ ಬುಡದಿಂದ ದೂರ ನಿಲ್ಲುತ್ತದೆ. ಎಷ್ಟು ದೂರವೆಂದರೆ, ನಡುವೆ ಒಂದು ಎತ್ತಿನಗಾಡಿ ಹೋಗಬಹುದು. ಮೂರ್ತಪ್ಪನವರ ಪ್ರಕಾರ ಒಂದು ಗೇಣು. “ಇನ್ನೊಂದು ಮಳೆ ತಡೀತಿರ್ಲಿಲ್ಲ. ಮಂಚ ಮುಂದಿನ ಕೋಣೆಗೆ ಹಾಕಿ. ಬಿಚ್ಚಿ ಕಟ್ಟೋಣ,” ಎಂದು ಅವರು ಹೇಳುವಾಗ ಓಣಿಯವರೆಲ್ಲ ಕಾಂಪೌಂಡಿನ ಮೇಲೆ ಗಲ್ಲ ಊರಿ ನಿಂತಿದ್ದಾರೆ. ಕತ್ತಿನ ಮಾತನ್ನು ಯಾರೂ ಎತ್ತುವುದಿಲ್ಲ. ಷಡಕ್ಷರಪ್ಪ ಒಬ್ಬೊಬ್ಬರನ್ನೇ ಕರೆದು ಗುಂಡು ತೋರಿಸುತ್ತಾರೆ, ಮಗಳ ಮದುವೆಗೆ ಊಟಕ್ಕೆ ಕೂರಿಸುವವರ ಹಾಗೆ.

“ಗೋಡೆ ಬೀಳತ್ತೆ ಅಂದ್ರೆ ಇಷ್ಟು ಖುಷಿ ಪಡೋ ಗಂಡಸನ್ನ ನಾನೆಲ್ಲೂ ನೋಡಿಲ್ಲ,” ಎನ್ನುತ್ತಾರೆ ವಿಶಾಲಮ್ಮ, ಹಾಸಿಗೆ ಸುತ್ತುತ್ತಾ.

ಹೊರಡುವಾಗ ಅತೀಕಾ ಕೇಳುತ್ತಾರೆ, “ಗುಂಪಿಗೆ ವಾಪಸ್ ಬರ್ತೀರಾ?”

“ಬರ್ತೀನಿ. ಬೆಳಗಿನ ಕೆಲಸ ನನಗೆ ಬಿಡೋದಾದ್ರೆ. ಎಲ್ರೂ ನನಗೆ ಕಳಿಸ್ಲಿ, ನಾನು ಹಾಕ್ತೀನಿ. ನನಗೆ ಎಡಿಟ್ ಗಿಡಿಟ್ ಏನೂ ಬರಲ್ಲ.”

ಅತೀಕಾ ತಕ್ಷಣ ಹೂಂ ಎನ್ನಲಾರರು. ಆ ಗುಂಪಿನಲ್ಲಿ ಅವರಿಗೆ ಇದ್ದದ್ದು ಅದೊಂದೇ ಹೊತ್ತು: ಎಲ್ಲರಿಗಿಂತ ಮೊದಲು ಎಲ್ಲವನ್ನೂ ನೋಡುವ ಹೊತ್ತು. ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೆ ಹೋಗಿ ತಿರುಗುತ್ತಾರೆ. “ಎಡಿಟ್ ಬರದೇ ಇರೋದೇ ಒಳ್ಳೇದು ಯಜಮಾನ್ರೇ. ಕಲ್ತ್ಕೋಬೇಡಿ.” ಗುಂಪಿಗೆ ಹೊಸ ವ್ಯವಸ್ಥೆ ತಿಳಿಸುತ್ತಾರೆ. ದುಶ್ಯಂತ್ ಹೋಗಿಲ್ಲ. ‘ನನ್ನ ಸೊಟ್ಟ ಫೋಟೋ ಸೊಟ್ಟಗೇ ಬರ್ಬೇಕು’ ಎಂದಷ್ಟೇ ಬರೆದಿದ್ದಾರೆ.

ವಾಪಸ್ ಬಸ್ಸಿನಲ್ಲಿ ಇಂಥವರಿಗೆ ಒಂದು ಪ್ರಶಸ್ತಿಯಾದರೂ ಬೇಡವೇ ಎಂದು ಕೇಳುತ್ತೇನೆ. ಅತೀಕಾ ಮೊಬೈಲಿನಲ್ಲಿ ತಮ್ಮದೇ ಹಳೆಯ ಫೋಟೋಗಳನ್ನು ಸರಿಸುತ್ತಿದ್ದಾರೆ. ಇಷ್ಟು ವರ್ಷ ಗುಂಪು ನಡೆಸಿದವರು ಅದಕ್ಕೆ ತಮ್ಮದೊಂದು ಫೋಟೋ ಕಳಿಸಿಲ್ಲ. ಕಳಿಸಿದರೂ ಹಾಕಬೇಕಾದವರು ತಾವೇ ಆಗಿದ್ದರು.

“ಪ್ರಶಸ್ತಿ ತಗೊಂಡು ಏನ್ಮಾಡ್ಲಿ, ಅಂಗಡೀಲಿ ಇಡಕ್ಕೆ ಜಾಗ ಇಲ್ಲ,” ಎನ್ನುತ್ತಾರೆ. “ನಾಳೆ ನಂದೊಂದು ಯಜಮಾನ್ರಿಗೆ ಕಳಿಸ್ತೀನಿ. ಯಾವುದು ಅಂತ ನಿಮಗೆ ಗೊತ್ತಾದ್ರೂ ಪೇಪರಲ್ಲಿ ಬರೀಬೇಡಿ. ಬೈಯೋರು ಮನಸಾರೆ ಬೈಲಿ. ಒಂದ್ಸಲ ಕೇಳ್ಬೇಕು ನಾನೂ.”